ಅನಿರೀಕ್ಷಿತ ಸಂಪತ್ತು: ಬರುವ ಮೊದಲೇ ಹಾಕಬೇಕಾದ ಲೆಕ್ಕ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಬಿಸಿಲೂ ಇಲ್ಲದ, ಮಳೆಯೂ ಇಲ್ಲದ ಹೊತ್ತಿನಲ್ಲಿ ಕೊಡೆ ಹಿಡಿದು ನಡೆದವನನ್ನು ಕಂಡು ಊರು ನಗುತ್ತದೆ. ತಪ್ಪೆಲ್ಲವೂ ಆತನ ಅಲ್ಪತನದ್ದೆಂದು ತೀರ್ಮಾನಿಸಿ ಸುಮ್ಮನಾಗುತ್ತದೆ. ಆದರೆ ಇತಿಹಾಸವನ್ನು ನೋಡಿದರೆ ವಿವೇಕಿಗಳೆನಿಸಿದವರೂ, ವಿದ್ಯಾವಂತರೂ, ಕೆಲವೊಮ್ಮೆ ಇಡೀ ರಾಷ್ಟ್ರಗಳೂ ಹಠಾತ್ತಾಗಿ ಬಂದ ಸಂಪತ್ತನ್ನು ಇದೇ ರೀತಿ ಕಳೆದುಕೊಂಡಿರುವುದು ಕಂಡುಬರುವುದು. ಅದೇ ಬಗೆಯ ಸಂಪತ್ತು ಬಂದ ಬೇರೆ ರಾಷ್ಟ್ರಗಳು ಅದನ್ನು ಕಾಪಾಡಿಕೊಂಡು ಬೆಳೆಸಿರುವುದೂ ಉಂಟು. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಸ್ವಭಾವವೆ, ಅದೃಷ್ಟವೆ, ಅಥವಾ ನಿರ್ಧಾರ ಮಾಡಿದ ಕಾಲವೆ?

ಕಳೆದ ಆರೇಳು ದಶಕಗಳಲ್ಲಿ ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಬಗೆಬಗೆಯಾಗಿ ಪರೀಕ್ಷಿಸಿದ್ದಾರೆ. ಅವರ ಶೋಧನೆಗಳಿಂದ ಹೊರಡುವ ಮುಖ್ಯ ತತ್ತ್ವವೊಂದುಂಟು. ಅನಿರೀಕ್ಷಿತ ಧನವನ್ನು ಏನು ಮಾಡಬೇಕೆಂಬ ನಿಯಮವನ್ನು ಅದು ಕೈಗೆ ಬರುವ ಮುನ್ನವೇ ಮಾಡಿಕೊಳ್ಳುವುದು ಸುಲಭ. ಬಂದ ಮೇಲೆ ಮಾಡುವುದು ಬಹು ಕಷ್ಟ. ಈ ತತ್ತ್ವದ ಆಧಾರಗಳನ್ನು ಒಂದೊಂದಾಗಿ ನೋಡೋಣ.

ಮೂಲಧನ ಮತ್ತು ಆದಾಯ

ಮೊದಲು ಒಂದು ಸಣ್ಣ ಗಣಿತ. ರೈತನೊಬ್ಬನಿಗೆ ಪ್ರತಿವರ್ಷ ಬರುವ ಬೆಳೆ ಆದಾಯ. ಬೆಳೆ ಕೊಡುವ ಹೊಲ ಮೂಲಧನ. ಬೆಳೆಯನ್ನು ಉಂಡರೆ ಹೊಲ ಉಳಿಯುತ್ತದೆ. ಹೊಲವನ್ನೇ ಮಾರಿ ಉಂಡರೆ ಮುಂದಿನ ವರ್ಷ ಉಣ್ಣಲು ಏನೂ ಇರುವುದಿಲ್ಲ. ಇದು ಎಲ್ಲರಿಗೂ ತಿಳಿದ ವಿಷಯವೇ. ಆದರೆ ಹೊಲವು ನಾಣ್ಯ ನೋಟುಗಳ ರೂಪವನ್ನು ತಾಳಿ ಕೈಗೆ ಬಂದಾಗ ಈ ತಿಳಿವಳಿಕೆ ಮಸುಕಾಗುತ್ತದೆ. ಹೊಲ ಮಾರಿ ಬಂದ ಹಣವೂ ಸಂಬಳದ ಹಣವೂ ನೋಡಲು ಒಂದೇ. ಭೂಮಿಯಡಿಯ ಅದಿರು, ತೈಲ, ಚಿನ್ನ ಇವುಗಳ ಮಾರಾಟದಿಂದ ಬಂದ ಹಣವೂ ಹಾಗೆಯೇ. ಅದು ಆದಾಯದಂತೆ ತೋರುವುದು. ವಾಸ್ತವವಾಗಿ ಅದು ರೂಪಾಂತರ ಹೊಂದಿದ ಮೂಲಧನ.

ಒಂದು ಕುಟುಂಬಕ್ಕೆ ಒಂದು ಕೋಟಿ ರೂಪಾಯಿ ಬಂದಿದೆಯೆಂದು ಭಾವಿಸಿರಿ. ಆ ಹಣವನ್ನು ತೊಡಗಿಸಿದಾಗ ನೂರಕ್ಕೆ ೭ ರೂಪಾಯಿ ಬಡ್ಡಿ ಬರುತ್ತದೆ, ಬೆಲೆಗಳು ವರ್ಷಕ್ಕೆ ನೂರಕ್ಕೆ ೪ರಂತೆ ಏರುತ್ತವೆ ಎಂದಿಟ್ಟುಕೊಳ್ಳೋಣ. ಹಾಗಾದರೆ ನಿಜವಾದ ಗಳಿಕೆ ೭ ಅಲ್ಲ, ಸುಮಾರು ೩. ಉಳಿದ ೪ ರೂಪಾಯಿ ಹಣದ ಸವಕಳಿಯನ್ನು ತುಂಬುವುದಕ್ಕೆ ಬೇಕು. ಈ ಮೂರನ್ನು ನೈಜ ಪ್ರತಿಫಲ ಎನ್ನಬಹುದು. ಕುಟುಂಬವು ವರ್ಷಕ್ಕೆ ಇಂದಿನ ಬೆಲೆಯಲ್ಲಿ ೩ ಲಕ್ಷ ರೂಪಾಯಿಗಳನ್ನು ಮಾತ್ರ ಬಳಸಿದರೆ ಮೂಲಧನ ಎಂದಿಗೂ ಕರಗದು. ೫ ಲಕ್ಷ ಬಳಸಿದರೆ ಸುಮಾರು ೩೧ ವರ್ಷಗಳಲ್ಲಿ ಎಲ್ಲವೂ ಮುಗಿಯುವುದು. ೧೦ ಲಕ್ಷ ಬಳಸಿದರೆ ೧೨ ವರ್ಷಗಳಿಗೆ ಮುಗಿಯುವುದು. ೧೦ ಲಕ್ಷ ಬಳಸುವ ಕುಟುಂಬದಲ್ಲಿ ಹಣ ಬಂದ ವರ್ಷ ಹುಟ್ಟಿದ ಮಗು ಪ್ರೌಢಶಾಲೆ ಸೇರುವ ಮುನ್ನವೇ ಕೋಟಿ ಬರಿದಾಗಿರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಹೇಳಿದ್ದು ಈ ಗಣಿತವನ್ನೇ.

ಗಮನಿಸಬೇಕಾದ ಸಂಗತಿಯೆಂದರೆ, ಮೊದಲ ಐದಾರು ವರ್ಷಗಳಲ್ಲಿ ಈ ಮೂರು ದಾರಿಗಳ ನಡುವಿನ ಭೇದ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಹತ್ತು ಲಕ್ಷ ಬಳಸುವ ಮನೆಯೇ ಹೆಚ್ಚು ಸುಖಿಯಾಗಿ ತೋರುವುದು. ಭೇದ ಸ್ಪಷ್ಟವಾಗುವ ವೇಳೆಗೆ ತಿದ್ದಿಕೊಳ್ಳಲು ಬೇಕಾದ ಹಣ ಉಳಿದಿರುವುದಿಲ್ಲ.

ನೌರು ದ್ವೀಪದ ಕಥೆ

ಈ ಗಣಿತವು ಒಂದು ರಾಷ್ಟ್ರದ ಬಾಳಿನಲ್ಲಿ ನಡೆದುದನ್ನು ನೋಡಬೇಕಾದರೆ ಶಾಂತಸಾಗರದ ನಡುವಿನ ನೌರು ದ್ವೀಪಕ್ಕೆ ಹೋಗಬೇಕು. ಇದರ ವಿಸ್ತೀರ್ಣ ಕೇವಲ ೨೧ ಚದರ ಕಿಲೋಮೀಟರು. ದ್ವೀಪದ ನಡುವಿನ ಎತ್ತರದ ಪ್ರದೇಶದಲ್ಲಿ, ಹವಳದ ಸುಣ್ಣಕಲ್ಲಿನ ಕಂಬಗಳ ಸಂದುಗಳಲ್ಲಿ, ಉತ್ತಮ ದರ್ಜೆಯ ಫಾಸ್ಫೇಟು ತುಂಬಿತ್ತು. ಫಾಸ್ಫೇಟು ರಸಗೊಬ್ಬರದ ಮುಖ್ಯ ಕಚ್ಚಾವಸ್ತು. ಸಿಡ್ನಿ ನಗರದ ಕಚೇರಿಯೊಂದರಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಾಗಿ ಇಟ್ಟಿದ್ದ ನೌರುವಿನ ಕಲ್ಲನ್ನು ಆಲ್ಬರ್ಟ್ ಎಲಿಸ್ ಎಂಬಾತ ೧೮೯೯ರಲ್ಲಿ ಪರೀಕ್ಷಿಸಿದಾಗ ಅದರ ಬೆಲೆ ತಿಳಿದುಬಂದಿತು. ೧೯೦೭ರ ಹೊತ್ತಿಗೆ ರಫ್ತು ಮೊದಲಾಯಿತು. ಆರು ದಶಕಗಳ ಕಾಲ ಲಾಭದ ಬಹುಭಾಗ ಹೊರಗಿನವರದಾಯಿತು.

೧೯೬೮ರ ಜನವರಿ ೩೧ರಂದು ನೌರು ಸ್ವತಂತ್ರವಾಯಿತು. ೧೯೭೦ರಲ್ಲಿ ಗಣಿಯೂ ಅದರ ಕೈಗೆ ಬಂದಿತು. ಕೆಲವೇ ಸಾವಿರ ಜನರಿದ್ದ ಆ ಪುಟ್ಟ ದೇಶ ೧೯೭೦ರ ದಶಕದಲ್ಲಿ ತಲಾ ಆದಾಯದ ದೃಷ್ಟಿಯಿಂದ ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರಗಳ ಸಾಲಿಗೆ ಸೇರಿತು. ತೆರಿಗೆ ಇಲ್ಲ, ಚಿಕಿತ್ಸೆಯೂ ಶಿಕ್ಷಣವೂ ಉಚಿತ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ೫೨ ಅಂತಸ್ತಿನ ‘ನೌರು ಹೌಸ್’ ೧೯೭೭ರಲ್ಲಿ ತಲೆಯೆತ್ತಿತು. ದೇಶಕ್ಕೆ ಸ್ವಂತ ವಿಮಾನ ಸಂಸ್ಥೆಯೂ ಬಂದಿತು. ೧೯೯೩ರಲ್ಲಿ ಲಿಯೊನಾರ್ಡೊ ಡ ವಿಂಚಿಯನ್ನು ಕುರಿತು ಲಂಡನ್ನಿನಲ್ಲಿ ಆಡಿದ ಸಂಗೀತ ನಾಟಕವೊಂದಕ್ಕೂ ನೌರುವಿನ ಹಣ ಹರಿದು, ನಾಟಕವು ಕೆಲವೇ ವಾರಗಳಲ್ಲಿ ನಿಂತುಹೋಯಿತು.

ನೌರುವಿನವರು ಭವಿಷ್ಯವನ್ನು ಯೋಚಿಸಲೇ ಇಲ್ಲವೆಂದು ಹೇಳುವುದು ಅನ್ಯಾಯ. ಫಾಸ್ಫೇಟು ಒಂದು ದಿನ ಮುಗಿಯುವುದೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿಯೇ ರಾಜಧನದ ಒಂದು ಭಾಗವನ್ನು ತೆಗೆದಿಡುವ ನಿಧಿಗಳನ್ನು ಮಾಡಿದ್ದರು. ಮೆಲ್ಬರ್ನಿನ ಗೋಪುರವೂ ಅಂಥ ಹೂಡಿಕೆಯೇ ಆಗಿತ್ತು. ಆದರೆ ನಿಧಿಯಿಂದ ವರ್ಷಕ್ಕೆ ಎಷ್ಟು ತೆಗೆಯಬಹುದು, ಅದರ ಆಧಾರದ ಮೇಲೆ ಎಷ್ಟು ಸಾಲ ಮಾಡಬಹುದು, ಲೆಕ್ಕವನ್ನು ಯಾರು ನೋಡಬೇಕು ಎಂಬ ಬಗ್ಗೆ ಬಿಗಿಯಾದ ಕಟ್ಟುಪಾಡು ಇರಲಿಲ್ಲ. ಗಣಿಯ ವರಮಾನ ಇಳಿದಾಗ ಸರ್ಕಾರದ ವೆಚ್ಚ ಇಳಿಯಲಿಲ್ಲ. ಕೊರತೆಯನ್ನು ಸಾಲದಿಂದ ತುಂಬಿದರು. ಸಾಲಕ್ಕೆ ನಿಧಿಯ ಆಸ್ತಿಗಳೇ ಆಧಾರವಾದವು. ೨೦೦೪ರಲ್ಲಿ ನೌರು ಹೌಸ್ ಮಾರಾಟವಾಯಿತು. ೨೦೦೫ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ವಿಮಾನವನ್ನು ಸಾಲ ಕೊಟ್ಟವರು ವಶಪಡಿಸಿಕೊಂಡರು. ದ್ವೀಪದ ನಡುಭಾಗವು ಮಣ್ಣು ಹೋಗಿ ಕಲ್ಲುಕಂಬಗಳು ಮಾತ್ರ ನಿಂತಿರುವ ಬಂಜರಾಯಿತು. ಅಲ್ಲಿ ಬೆಳೆ ಬೆಳೆಯುವಂತಿಲ್ಲ. ಮನೆ ಕಟ್ಟುವುದೂ ಸುಲಭವಲ್ಲ. ಮೂಲಧನವು ಎರಡೂ ರೂಪಗಳಲ್ಲಿ ನಾಶವಾಯಿತು: ನೆಲವೂ ಹೋಯಿತು, ನೆಲದ ಬೆಲೆಯೂ ಹೋಯಿತು. ೨೦೧೫ರಲ್ಲಿ ನೌರು ಮತ್ತೊಮ್ಮೆ, ನೆರವು ನೀಡುವ ದೇಶಗಳ ಸಹಭಾಗಿತ್ವದಲ್ಲಿ, ಮುಂದಿನ ತಲೆಮಾರುಗಳಿಗಾಗಿ ಹೊಸ ನಿಧಿಯೊಂದನ್ನು ಆರಂಭಿಸಬೇಕಾಯಿತು.

ನೆರೆಯ ದ್ವೀಪಗಳ ನಿಧಿ

ನೌರುವಿನ ಪೂರ್ವಕ್ಕೆ ಬನಾಬ ಎಂಬ ಇನ್ನೂ ಚಿಕ್ಕ ದ್ವೀಪವುಂಟು. ಅದೇ ಬಗೆಯ ಫಾಸ್ಫೇಟು ಅಲ್ಲಿಯೂ ಇತ್ತು. ಅದೂ ಗಣಿಗಾರಿಕೆಗೆ ತುತ್ತಾಯಿತು. ಬ್ರಿಟಿಷರ ಆಡಳಿತದಲ್ಲಿದ್ದ ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳಿಗೆ ಬನಾಬ ಸೇರಿತ್ತು. ೧೯೫೬ರಲ್ಲಿ ಆ ಆಡಳಿತವು ಫಾಸ್ಫೇಟಿನ ವರಮಾನದ ಒಂದು ಭಾಗವನ್ನು ವಿದೇಶಗಳಲ್ಲಿ ತೊಡಗಿಸುವ ಮೀಸಲು ನಿಧಿಯೊಂದನ್ನು ಸ್ಥಾಪಿಸಿತು. ೧೯೭೯ರಲ್ಲಿ ಎರಡು ಘಟನೆಗಳು ಒಟ್ಟಿಗೆ ಸಂಭವಿಸಿದವು. ಬನಾಬದ ಗಣಿ ಮುಗಿಯಿತು. ಗಿಲ್ಬರ್ಟ್ ದ್ವೀಪಗಳು ಕಿರಿಬಾಟಿ ಎಂಬ ಹೆಸರಿನಿಂದ ಸ್ವತಂತ್ರವಾದವು. ಹೊಸ ದೇಶದ ಮುಖ್ಯ ವರಮಾನ ಅದು ಹುಟ್ಟಿದ ವರ್ಷವೇ ನಿಂತುಹೋಯಿತು. ಆದರೆ ನಿಧಿ ಇತ್ತು. ಕೊರತೆಯಾದ ವರ್ಷಗಳಲ್ಲಿ ಅದರಿಂದ ಸ್ವಲ್ಪ ಸ್ವಲ್ಪ ತೆಗೆದು, ಉಳಿದುದನ್ನು ಬೆಳೆಯಲು ಬಿಟ್ಟರು. ಗಣಿ ಮುಚ್ಚಿ ನಾಲ್ಕು ದಶಕಗಳಾದ ಮೇಲೂ ಆ ನಿಧಿ ೧೦೦ ಕೋಟಿ ಆಸ್ಟ್ರೇಲಿಯನ್ ಡಾಲರುಗಳನ್ನು ಮೀರಿ ನಿಂತಿತು.

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ಬನಾಬದ ಮೂಲನಿವಾಸಿಗಳನ್ನು ೧೯೪೫ರಲ್ಲಿ ದೂರದ ಫಿಜಿ ದೇಶದ ರಾಬಿ ದ್ವೀಪಕ್ಕೆ ಸಾಗಿಸಲಾಯಿತು. ತಮ್ಮ ನೆಲದ ಸಂಪತ್ತಿನಲ್ಲಿ ತಮಗೆ ನ್ಯಾಯವಾದ ಪಾಲು ದೊರೆಯಲಿಲ್ಲವೆಂದು ೧೯೭೦ರ ದಶಕದಲ್ಲಿ ಅವರು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದರು. ಯಾರ ನೆಲ ಬರಿದಾಗುವುದೋ ಅವರ ಹಕ್ಕನ್ನು ಮರೆತು ಮಾಡಿದ ಯೋಜನೆ ಎಷ್ಟೇ ಜಾಣತನದ್ದಾದರೂ ಅರ್ಧ ಯೋಜನೆಯೇ ಸರಿ. ಎಷ್ಟು ಉಳಿಸಬೇಕೆಂಬ ಪ್ರಶ್ನೆಯ ಜೊತೆಗೆ ಯಾರಿಗಾಗಿ ಉಳಿಸಬೇಕೆಂಬ ಪ್ರಶ್ನೆಯೂ ಇದ್ದೇ ಇರುತ್ತದೆ.

ಪೆಟ್ಟಿಗೆ ಮೊದಲು, ಹಣ ಆಮೇಲೆ

ಮುಂದಾಲೋಚನೆಗೆ ಎಲ್ಲರೂ ಹೆಸರಿಸುವ ದೇಶ ಯುರೋಪಿನ ಉತ್ತರ ತುದಿಯ ನಾರ್ವೆ. ತನ್ನ ಕಡಲಿನಡಿ ತೈಲವಿರಬಹುದೆಂಬ ನಿರೀಕ್ಷೆ ಆ ದೇಶಕ್ಕೆ ಇರಲಿಲ್ಲ. ನಾರ್ವೆಯ ಕರಾವಳಿಯ ಕಡಲತಳದಲ್ಲಿ ಕಲ್ಲಿದ್ದಲು, ತೈಲ ಅಥವಾ ಗಂಧಕ ಸಿಕ್ಕುವ ಸಂಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲವೆಂದು ಅಲ್ಲಿನ ಭೂವಿಜ್ಞಾನ ಸಂಸ್ಥೆಯೇ ೧೯೫೮ರಲ್ಲಿ ಸರ್ಕಾರಕ್ಕೆ ಬರೆದಿತ್ತು. ಮರುವರ್ಷ ನೆರೆಯ ಹಾಲೆಂಡಿನ ಗ್ರೋನಿಂಗೆನ್ ಪ್ರದೇಶದಲ್ಲಿ ಅಪಾರವಾದ ಅನಿಲ ನಿಕ್ಷೇಪ ಪತ್ತೆಯಾಗಿ ಎಲ್ಲರ ದೃಷ್ಟಿಯೂ ಉತ್ತರ ಸಮುದ್ರದ ಕಡೆಗೆ ತಿರುಗಿತು. ನಾರ್ವೆ ಆಗ ಮಾಡಿದ ಕೆಲಸ ಗಮನಾರ್ಹ. ಒಂದು ಹನಿ ತೈಲವೂ ಸಿಕ್ಕುವ ಮುನ್ನ, ೧೯೬೩ರಲ್ಲಿ, ತನ್ನ ಕಡಲತಳದ ಸಂಪತ್ತು ರಾಷ್ಟ್ರದ ಒಡೆತನಕ್ಕೆ ಸೇರಿದುದೆಂದು ಅದು ಘೋಷಿಸಿತು. ೧೯೬೫ರಲ್ಲಿ ಬ್ರಿಟನ್ ಮತ್ತು ಡೆನ್ಮಾರ್ಕ್ ದೇಶಗಳೊಡನೆ ಕಡಲ ಗಡಿಯನ್ನು ಒಪ್ಪಂದದ ಮೂಲಕ ಗುರುತಿಸಿಕೊಂಡಿತು. ಎಕೊಫಿಸ್ಕ್ ಎಂಬ ದೊಡ್ಡ ತೈಲಕ್ಷೇತ್ರ ದೊರೆತುದು ೧೯೬೯ರ ಕೊನೆಯಲ್ಲಿ. ೧೯೭೧ರಲ್ಲಿ ಅಲ್ಲಿನ ಸಂಸತ್ತು ತೈಲನೀತಿಗೆ ಹತ್ತು ಸೂತ್ರಗಳನ್ನು ರೂಪಿಸಿತು. ೧೯೭೨ರಲ್ಲಿ ಸರ್ಕಾರಿ ತೈಲ ಸಂಸ್ಥೆ ಹುಟ್ಟಿತು.

ಇಷ್ಟಾದರೂ ನಾರ್ವೆ ಎಡವದೆ ಇರಲಿಲ್ಲ. ೧೯೭೦ರ ದಶಕದ ನಡುವಿನಲ್ಲಿ, ಮುಂದೆ ಬರಲಿರುವ ತೈಲದ ಹಣವನ್ನು ನೆಚ್ಚಿ ಅದು ವಿದೇಶಗಳಿಂದ ಹೇರಳವಾಗಿ ಸಾಲ ಮಾಡಿ ಖರ್ಚು ಮಾಡಿತು. ೧೯೮೬ರಲ್ಲಿ ತೈಲದ ಬೆಲೆ ಕುಸಿದಾಗ ಅದರ ಪೆಟ್ಟನ್ನೂ ತಿಂದಿತು. ಅಷ್ಟರಲ್ಲಿ ಹಾಲೆಂಡಿನ ಅನುಭವವೂ ಎಲ್ಲರಿಗೂ ತಿಳಿದುಬಂದಿತ್ತು. ಅನಿಲ ಮಾರಿ ವಿದೇಶದ ಹಣ ಒಳಗೆ ಹರಿದಾಗ ದೇಶದ ನಾಣ್ಯದ ಬೆಲೆ ಏರುತ್ತದೆ, ನಾಣ್ಯದ ಬೆಲೆ ಏರಿದರೆ ಆ ದೇಶದ ಉಳಿದ ಸರಕುಗಳು ಹೊರಗಿನವರಿಗೆ ದುಬಾರಿಯಾಗುತ್ತವೆ, ಕಾರ್ಖಾನೆಗಳು ಸೊರಗುತ್ತವೆ, ಕೆಲಸಗಾರರೂ ಬಂಡವಾಳವೂ ಅನಿಲದ ಕಡೆಗೂ ವ್ಯಾಪಾರ ಸೇವೆಗಳ ಕಡೆಗೂ ಸರಿಯುತ್ತಾರೆ. ಅನಿಲ ಮುಗಿದ ದಿನ ಹಳೆಯ ಕಸುಬುಗಳು ಮರಳಿ ಬರುವುದಿಲ್ಲ. ಇದಕ್ಕೆ ಲಂಡನ್ನಿನ ‘ಎಕನಾಮಿಸ್ಟ್’ ಪತ್ರಿಕೆ ೧೯೭೭ರಲ್ಲಿ ‘ಡಚ್ ರೋಗ’ ಎಂದು ಹೆಸರಿಟ್ಟಿತು.

ಈ ಎಲ್ಲ ಪಾಠಗಳಿಂದ ನಾರ್ವೆ ೧೯೯೦ರಲ್ಲಿ ಶಾಸನಬದ್ಧವಾದ ನಿಧಿಯೊಂದನ್ನು ಸ್ಥಾಪಿಸಿತು. ವಿಶೇಷವೆಂದರೆ ಆರು ವರ್ಷಗಳ ಕಾಲ ಆ ನಿಧಿಯಲ್ಲಿ ಒಂದು ಕಾಸೂ ಇರಲಿಲ್ಲ. ಮೊದಲ ಕಂತು ಬಿದ್ದುದು ೧೯೯೬ರಲ್ಲಿ. ಅಂದರೆ ಪೆಟ್ಟಿಗೆಯೂ ಬೀಗವೂ ಬೀಗದ ನಿಯಮಗಳೂ ಮೊದಲು ಸಿದ್ಧವಾದವು. ಹಣ ಆಮೇಲೆ ಬಂದಿತು. ಡಚ್ ರೋಗವನ್ನು ತಪ್ಪಿಸಲು ಆ ಹಣವನ್ನು ದೇಶದೊಳಗೆ ತೊಡಗಿಸದೆ ಪೂರ್ತಿಯಾಗಿ ಹೊರದೇಶಗಳಲ್ಲಿ ತೊಡಗಿಸುವ ಕ್ರಮ ಬಂದಿತು. ೨೦೦೧ರಲ್ಲಿ ಇನ್ನೊಂದು ಸೂತ್ರವನ್ನು ಒಪ್ಪಿಕೊಂಡರು: ವರ್ಷ ವರ್ಷ ಸರಾಸರಿಯಾಗಿ ನಿಧಿಯ ನೂರಕ್ಕೆ ೪ ಭಾಗವನ್ನು, ಅಂದರೆ ನಿರೀಕ್ಷಿತ ನೈಜ ಪ್ರತಿಫಲದಷ್ಟನ್ನು ಮಾತ್ರ ಬಳಸಬೇಕು. ಪ್ರತಿಫಲದ ನಿರೀಕ್ಷೆ ಇಳಿದಾಗ, ೨೦೧೭ರಲ್ಲಿ, ಈ ಮಿತಿಯನ್ನು ೩ಕ್ಕೆ ಇಳಿಸಿದರು. ೨೦೨೪ರ ಅಂತ್ಯದ ವೇಳೆಗೆ ನಿಧಿಯ ಮೊತ್ತ ಸುಮಾರು ೧೯.೭ ಲಕ್ಷ ಕೋಟಿ ಕ್ರೋನರ್ ಆಗಿತ್ತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ತೈಲದಿಂದ ಬಂದುದಲ್ಲ, ಹೂಡಿಕೆಯ ಗಳಿಕೆಯಿಂದ ಬಂದುದು. ಕಡಲಿನಡಿಯ ಮೂಲಧನ ಕರಗುತ್ತಿದ್ದಂತೆ ಕಡಲ ಮೇಲಿನ ಮೂಲಧನ ಬೆಳೆಯಿತು.

ನಾರ್ವೆಯ ಜನ ನೌರುವಿನ ಜನರಿಗಿಂತ ಸ್ವಭಾವತಃ ಸಂಯಮಿಗಳೆಂದು ಇದರಿಂದ ತಿಳಿಯಬಾರದು. ಅವರಿಗೆ ಬಹು ಹಿಂದಿನಿಂದ ಬೇರೂರಿದ ಸಂಸತ್ತು, ನ್ಯಾಯಾಲಯ, ಪತ್ರಿಕೆಗಳು, ನುರಿತ ಅಧಿಕಾರಿಗಳು ಇದ್ದರು. ಬೇರೆ ಕಸುಬುಗಳೂ ಇದ್ದವು. ಎಂಟು ದಶಕಗಳ ಕಾಲ ಪರರ ಆಡಳಿತದಲ್ಲಿದ್ದು ಹೊರಬಂದ ನೌರುವಿಗೆ ಇವು ಯಾವುವೂ ಇರಲಿಲ್ಲ. ಎಡವಿದಾಗ ಹಿಡಿದು ನಿಲ್ಲಿಸುವ ನಿಯಮವಿದ್ದವನು ಮತ್ತೆ ನಡೆದನು; ಇಲ್ಲದವನು ಬಿದ್ದನು.

ಮನಸ್ಸಿನ ಲೆಕ್ಕದ ಪುಸ್ತಕ

ರಾಷ್ಟ್ರಗಳ ವಿಷಯ ಹೀಗಾಯಿತು. ವ್ಯಕ್ತಿಯ ಮನಸ್ಸು ಹಠಾತ್ ಧನವನ್ನು ಹೇಗೆ ಎಣಿಸುತ್ತದೆ? ಎರಡನೆಯ ಮಹಾಯುದ್ಧದ ಬಳಿಕ ಜರ್ಮನಿಯು ಇಸ್ರೇಲಿನಲ್ಲಿ ನೆಲೆಸಿದ ಅನೇಕರಿಗೆ ಪರಿಹಾರಧನ ನೀಡಿತು. ಅದನ್ನು ಪಡೆದವರು ಹೇಗೆ ಖರ್ಚು ಮಾಡಿದರೆಂಬುದನ್ನು ಲ್ಯಾಂಡ್ಸ್‌ಬರ್ಗರ್ ಎಂಬ ಅರ್ಥಶಾಸ್ತ್ರಜ್ಞ ಪರಿಶೀಲಿಸಿ ೧೯೬೬ರಲ್ಲಿ ಪ್ರಕಟಿಸಿದನು. ಫಲಿತಾಂಶ ವಿಚಿತ್ರವಾಗಿತ್ತು. ವಾರ್ಷಿಕ ಆದಾಯದ ಮೂರರಲ್ಲಿ ಎರಡು ಪಾಲಿನಷ್ಟು ದೊಡ್ಡ ಮೊತ್ತ ಪಡೆದವರು ಅದರ ಕಾಲು ಭಾಗಕ್ಕಿಂತ ಕಡಮೆಯನ್ನು ಖರ್ಚು ಮಾಡಿದ್ದರು. ಆದಾಯದ ನೂರಕ್ಕೆ ೭ರಷ್ಟು ಮಾತ್ರ ಪಡೆದವರು, ಪಡೆದುದರ ಸುಮಾರು ಎರಡರಷ್ಟನ್ನು ಖರ್ಚು ಮಾಡಿಬಿಟ್ಟಿದ್ದರು! ರೂಪಾಯಿಗೆ ರೂಪಾಯಿ ಸಮವೆಂದು ಎಣಿಸುವ ಗಣಿತಕ್ಕೆ ಇದು ವಿರುದ್ಧ.

ಇದನ್ನು ವಿವರಿಸಿದವರಲ್ಲಿ ೨೦೧೭ರ ನೊಬೆಲ್ ಪಾರಿತೋಷಕ ಪಡೆದ ರಿಚರ್ಡ್ ಥೇಲರ್ ಮುಖ್ಯನು. ಮನಸ್ಸು ಹಣವನ್ನೆಲ್ಲ ಒಂದೇ ಚೀಲದಲ್ಲಿಡುವುದಿಲ್ಲ. ಸಂಬಳ, ಉಳಿತಾಯ, ಆಸ್ತಿ, ಕೈಖರ್ಚು ಎಂಬ ಬೇರೆ ಬೇರೆ ಖಾತೆಗಳಲ್ಲಿ ಬರೆದುಕೊಳ್ಳುತ್ತದೆ ಎಂಬುದು ಆತನ ವಾದ. ಕೈಖರ್ಚಿನ ಖಾತೆಗೆ ಬಿದ್ದ ಹಣ ಬೇಗ ಕರಗುವುದು. ಆಸ್ತಿಯ ಖಾತೆಗೆ ಬಿದ್ದುದು ನಿಲ್ಲುವುದು. ಆದುದರಿಂದ ಹಣ ಯಾವ ಖಾತೆಗೆ ಸೇರಬೇಕೆಂದು ಮೊದಲೇ ಹೆಸರಿಟ್ಟರೆ ಅರ್ಧ ಕೆಲಸವಾದಂತೆ. ಹೆಸರಿಲ್ಲದೆ ಬಂದ ಹಣ ಎಲ್ಲ ಖಾತೆಗಳಿಂದಲೂ ಖರ್ಚಾಗುತ್ತದೆ. ಮಗಳ ಮದುವೆಗೂ ಇದೇ, ಹೊಸ ವಾಹನಕ್ಕೂ ಇದೇ, ಅಣ್ಣನ ಸಾಲಕ್ಕೂ ಇದೇ ಎಂದು ಒಂದೇ ಮೊತ್ತವನ್ನು ಮೂರು ಸಲ ಎಣಿಸುವ ಮನೆಗಳು ಅಪರೂಪವಲ್ಲ.

ಅಮೆರಿಕದ ಫ್ಲೋರಿಡ ರಾಜ್ಯದ ಲಾಟರಿ ವಿಜೇತರನ್ನು ಕುರಿತು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೂ ಬೋಧಪ್ರದವಾಗಿದೆ. ೫೦ ಸಾವಿರದಿಂದ ೧.೫ ಲಕ್ಷ ಡಾಲರುಗಳವರೆಗೆ ಗೆದ್ದವರನ್ನು ೧೦ ಸಾವಿರಕ್ಕೂ ಕಡಮೆ ಗೆದ್ದವರೊಡನೆ ಹೋಲಿಸಲಾಯಿತು. ಮೊದಲ ಎರಡು ವರ್ಷಗಳಲ್ಲಿ ದೊಡ್ಡ ಬಹುಮಾನದವರಲ್ಲಿ ದಿವಾಳಿಯಾದವರ ಪ್ರಮಾಣ ಅರ್ಧದಷ್ಟಿತ್ತು. ಆದರೆ ಮೂರರಿಂದ ಐದನೆಯ ವರ್ಷದೊಳಗೆ ಆ ಕೊರತೆ ಅಷ್ಟೇ ಪ್ರಮಾಣದಲ್ಲಿ ತುಂಬಿಬಂದಿತು. ಹಣವು ದಿವಾಳಿಯನ್ನು ತಪ್ಪಿಸಲಿಲ್ಲ, ಮುಂದೂಡಿತು ಅಷ್ಟೆ.

ಹಾಗೆಂದು ಅನಿರೀಕ್ಷಿತ ಧನ ಶಾಪವೆಂದು ಸಾರುವುದೂ ಸರಿಯಲ್ಲ. ಲಾಟರಿ ಗೆದ್ದವರು ಇತರರಿಗಿಂತ ಹೆಚ್ಚು ಸುಖಿಗಳಲ್ಲವೆಂದು ೧೯೭೮ರ ಅಮೆರಿಕದ ಅಧ್ಯಯನವೊಂದನ್ನು ಆಧರಿಸಿ ಹೇಳುವುದು ವಾಡಿಕೆ. ಆ ಅಧ್ಯಯನದಲ್ಲಿದ್ದ ವಿಜೇತರು ೨೨ ಮಂದಿ ಮಾತ್ರ. ಸ್ವೀಡನ್ ದೇಶದಲ್ಲಿ ಬಹುಸಂಖ್ಯೆಯ ವಿಜೇತರನ್ನು ಪರಿಶೀಲಿಸಿ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನವು, ದೊಡ್ಡ ಬಹುಮಾನ ಪಡೆದವರಲ್ಲಿ ಜೀವನದ ತೃಪ್ತಿ ಹೆಚ್ಚಿ ಹತ್ತು ವರ್ಷಗಳ ಮೇಲೂ ಉಳಿದಿತ್ತೆಂದು ತೋರಿಸಿತು. ಧನದಲ್ಲಿ ದೋಷವಿಲ್ಲ, ಅದನ್ನು ಎದುರುಗೊಳ್ಳುವ ಕ್ರಮದಲ್ಲಿ ಗುಣದೋಷಗಳಿವೆ.

ಮುಂಗಡ ನಿರ್ಧಾರ ಏಕೆ ಸುಲಭವೆಂಬುದಕ್ಕೂ ಪ್ರಯೋಗದ ಆಧಾರವಿದೆ. ಅಮೆರಿಕದ ಸಂಸ್ಥೆಯೊಂದರ ನೌಕರರಿಗೆ, ಮುಂದೆ ಸಂಬಳ ಹೆಚ್ಚಿದಾಗಲೆಲ್ಲ ಹೆಚ್ಚಳದ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗುವಂತೆ ಈಗಲೇ ಒಪ್ಪಿಕೊಳ್ಳುವಿರಾ ಎಂದು ಕೇಳಲಾಯಿತು. ಒಪ್ಪಿದವರ ಉಳಿತಾಯದ ಪ್ರಮಾಣ ೪೦ ತಿಂಗಳುಗಳಲ್ಲಿ ಸಂಬಳದ ನೂರಕ್ಕೆ ೩.೫ರಿಂದ ೧೩.೬ಕ್ಕೆ ಏರಿತು. ಥೇಲರ್ ಮತ್ತು ಬೆನಾರ್ಟ್ಸಿ ೨೦೦೪ರಲ್ಲಿ ಪ್ರಕಟಿಸಿದ ಫಲಿತಾಂಶವಿದು. ಕೈಯಲ್ಲಿರುವ ಹಣವನ್ನು ಬಿಟ್ಟುಕೊಡುವುದು ನಷ್ಟದಂತೆ ನೋಯಿಸುತ್ತದೆ. ಇನ್ನೂ ಬಾರದ ಹಣವನ್ನು ಹಂಚುವುದರಲ್ಲಿ ನೋವಿಲ್ಲ. ಮುಂದಾಲೋಚನೆಯ ಬಲವೆಲ್ಲ ಈ ಅಂತರದಲ್ಲಿದೆ.

ನಮ್ಮ ನಾಡಿನಲ್ಲಿ

ಈ ವಿಚಾರ ನಮಗೆ ದೂರದ್ದಲ್ಲ. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುದಾಗಾರ ತಲೆಯೆತ್ತಿದುದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಮಾರುವುದಕ್ಕಾಗಿ. ಮೂರು ವರ್ಷಗಳ ತರುವಾಯ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿಸಿತು. ಗಣಿ ೨೦೦೧ರಲ್ಲಿ ಮುಚ್ಚಿತು; ಗಣಿಯ ಬೇಡಿಕೆಯಿಂದ ಹುಟ್ಟಿದ ವಿದ್ಯುದಾಗಾರ ಗಣಿಯನ್ನೂ ಮೀರಿ ಬಾಳಿತು. ಮುಗಿದುಹೋಗುವ ಸಂಪತ್ತಿನಿಂದ ಮುಗಿಯದ ಸಂಪತ್ತನ್ನು ಮಾಡಿಕೊಳ್ಳುವುದೆಂದರೆ ಇದೇ. ಆದರೆ ಗಣಿಯಲ್ಲಿ ದುಡಿದು ಅಲ್ಲಿಯೇ ಉಳಿದ ಕುಟುಂಬಗಳಿಗೆ ಕೆಲಸ ಹೋದ ಮೇಲೆ ಬದುಕು ಕಠಿಣವಾಯಿತೆಂಬುದನ್ನೂ ಮರೆಯಬಾರದು.

ಈ ಶತಮಾನದ ಮೊದಲ ದಶಕದಲ್ಲಿ ಚೀನದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಡೆ ಹಣದ ಹೊಳೆಯೇ ಹರಿಯಿತು. ಅದನ್ನು ಹಿಡಿದಿಡುವ ಕಟ್ಟೆ ಆಗ ಸಿದ್ಧವಿರಲಿಲ್ಲ. ಬೆಟ್ಟಗಳು ಕರಗಿದವು, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ೨೦೧೫ರಲ್ಲಿ ಖನಿಜ ಶಾಸನಕ್ಕೆ ತಿದ್ದುಪಡಿಯಾಗಿ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಹಳೆಯ ಗುತ್ತಿಗೆದಾರರು ರಾಜಧನದ ನೂರಕ್ಕೆ ೩೦ರಷ್ಟನ್ನೂ ಹೊಸಬರು ೧೦ರಷ್ಟನ್ನೂ ಅದಕ್ಕೆ ಹೆಚ್ಚುವರಿಯಾಗಿ ಕಟ್ಟುವಂತೆ ಗೊತ್ತುಪಡಿಸಲಾಯಿತು. ಆ ಹಣ ಗಣಿಯಿಂದ ತೊಂದರೆಗೊಳಗಾದ ಊರುಗಳ ನೀರು, ಆರೋಗ್ಯ, ಶಿಕ್ಷಣಗಳಿಗೆ ಸಲ್ಲಬೇಕು. ಅದಿರಿಗೆ ಬೆಲೆ ಬಂದ ಮೇಲೆ ಮಾಡಿದ ನಿಯಮವಾದರೂ ಮುಂದಿನ ವರಮಾನಕ್ಕೆ ಇದು ಮುಂಚಿನ ನಿಯಮವೇ.

ಕುಟುಂಬಗಳ ಮಟ್ಟದಲ್ಲಿ ಅನಿರೀಕ್ಷಿತ ಧನವು ನಮ್ಮಲ್ಲಿ ಹೆಚ್ಚಾಗಿ ಬರುವುದು ಲಾಟರಿಯಿಂದಲ್ಲ, ಭೂಸ್ವಾಧೀನದ ಪರಿಹಾರದಿಂದ. ರಸ್ತೆಗೋ ಕೈಗಾರಿಕೆಗೋ ಜಮೀನು ಹೋದಾಗ ತಲೆಮಾರುಗಳಿಂದ ಅನ್ನವಿಕ್ಕಿದ ಹೊಲವು ಒಂದು ದಿನ ಬ್ಯಾಂಕಿನ ಪುಸ್ತಕದ ಒಂದು ಸಾಲಾಗಿ ಮಾರ್ಪಡುತ್ತದೆ. ೨೦೧೩ರ ಭೂಸ್ವಾಧೀನ ಶಾಸನವು ಜಮೀನಿನ ಬೆಲೆಯನ್ನಲ್ಲದೆ ಪುನರ್ವಸತಿಗಾಗಿ ಬೇರೊಂದು ಆಯ್ಕೆಯನ್ನೂ ಹೇಳುತ್ತದೆ: ಯೋಜನೆಯಿಂದ ಉದ್ಯೋಗ ಹುಟ್ಟುವಲ್ಲಿ ಕುಟುಂಬದ ಒಬ್ಬರಿಗೆ ಉದ್ಯೋಗ; ಅಥವಾ ಒಂದೇ ಸಲ ೫ ಲಕ್ಷ ರೂಪಾಯಿ; ಅಥವಾ ೨೦ ವರ್ಷಗಳ ಕಾಲ ತಿಂಗಳಿಗೆ ೨,೦೦೦ ರೂಪಾಯಿಗಳಿಗೆ ಕಡಮೆಯಿಲ್ಲದಂತೆ, ಬೆಲೆಯೇರಿಕೆಗೆ ಅನುಗುಣವಾಗಿ ಹೆಚ್ಚುವ ವರ್ಷಾಶನ. ಐದು ಲಕ್ಷ ದೊಡ್ಡದಾಗಿ ಕಾಣುವುದು, ಎರಡು ಸಾವಿರ ಚಿಕ್ಕದಾಗಿ ಕಾಣುವುದು. ಆದರೆ ೨,೦೦೦ವನ್ನು ೨೪೦ ತಿಂಗಳುಗಳಿಂದ ಗುಣಿಸಿದರೆ ೪.೮ ಲಕ್ಷವಾಗುತ್ತದೆ, ಬೆಲೆಯೇರಿಕೆಯ ಹೆಚ್ಚಳ ಅದರ ಮೇಲೆ. ಯಾವುದು ಲೇಸೆಂಬುದು ಕುಟುಂಬದ ಸಾಲ, ವಯಸ್ಸು, ಕಸುಬುಗಳನ್ನು ಅವಲಂಬಿಸಿದೆ. ಒಂದೇ ಸಲ ಬಂದ ಹಣವನ್ನು ಕಾಯ್ದುಕೊಳ್ಳುವ ನಿಯಮ ಮನೆಯಲ್ಲಿದ್ದರೆ ಅದರಿಂದ ಲಾಭವೇ ಆಗಬಹುದು. ಇಲ್ಲದಿದ್ದರೆ ತಿಂಗಳ ಕಂತೇ ಕಾವಲುಗಾರ. ಇಂಥ ಲೆಕ್ಕವನ್ನು ಮನೆಯವರೆಲ್ಲ ಕೂಡಿ ಹಾಕಲು ತಕ್ಕ ಕಾಲವೆಂದರೆ ನೋಟೀಸು ಬಂದ ದಿನ. ಹಣ ಬಂದ ದಿನವಲ್ಲ.

ಬರೆದಿಡಬೇಕಾದ ಉತ್ತರಗಳು

ಹಾಗಾದರೆ ಮುಂಚಿತವಾಗಿ ಏನನ್ನು ನಿರ್ಧರಿಸಬೇಕು? ಮೇಲಿನ ನಿದರ್ಶನಗಳಿಂದ ಐದು ಪ್ರಶ್ನೆಗಳು ಮೂಡುತ್ತವೆ. ಮೊದಲನೆಯದು: ಬಂದುದರಲ್ಲಿ ನಿಜವಾಗಿ ನಮ್ಮದೆಷ್ಟು? ತೆರಿಗೆ, ಸಾಲ, ಪಾಲುದಾರರ ಹಕ್ಕು ಇವು ಕಳೆದ ಮೇಲೆ ಉಳಿದುದು ಮಾತ್ರ ಸಂಪತ್ತು. ಹೆಚ್ಚು ಬಡ್ಡಿಯ ಸಾಲವನ್ನು ತೀರಿಸುವುದಕ್ಕಿಂತ ಖಚಿತವಾದ ಲಾಭ ಬೇರೊಂದಿಲ್ಲ. ಎರಡನೆಯದು: ಎಷ್ಟು ಕಾಲ ಮುಟ್ಟದೆ ಇಡಬೇಕು? ಮೊದಲ ಕೆಲವು ತಿಂಗಳು ಸುರಕ್ಷಿತವಾದ ಠೇವಣಿಯಲ್ಲಿಟ್ಟು ಯಾವ ದೊಡ್ಡ ನಿರ್ಧಾರವನ್ನೂ ಮಾಡದಿದ್ದರೆ ಮನಸ್ಸು ತನ್ನ ಸಮತೋಲವನ್ನು ಪಡೆಯುವುದು. ಮೂರನೆಯದು: ವರ್ಷಕ್ಕೆ ಎಷ್ಟು ತೆಗೆಯಬಹುದು? ಉತ್ತರ ಒಂದು ಸಂಖ್ಯೆಯಾಗಿರಬೇಕು; ‘ಬೇಕಾದಷ್ಟು’ ಎಂಬುದು ಸಂಖ್ಯೆಯಲ್ಲ. ನಾಲ್ಕನೆಯದು: ಲೆಕ್ಕವನ್ನು ಯಾರು ನೋಡುವರು? ಒಬ್ಬರ ಸಹಿಯಿಂದ ಕರಗುವ ನಿಧಿಗಿಂತ ಇಬ್ಬರ ಸಹಿ ಬೇಡುವ ನಿಧಿ ಗಟ್ಟಿ. ನಮ್ಮ ಮನೆಗಳಲ್ಲಿ ಎರಡನೆಯ ಸಹಿ ಗೃಹಿಣಿಯದಾಗಿರುವುದು ಮೇಲು. ಹೊಲ ಹೋದಾಗ ನಷ್ಟವನ್ನು ದಿನದಿನವೂ ಅಡಿಗೆಮನೆಯಲ್ಲಿ ಅಳೆಯುವವಳು ಅವಳು. ಐದನೆಯದು: ಸಂತೋಷಕ್ಕೂ ದಾನಕ್ಕೂ ಎಷ್ಟು? ಇದಕ್ಕೂ ಒಂದು ಪಾಲನ್ನು ಗೊತ್ತುಮಾಡಿದರೆ ಉಳಿದ ಪಾಲುಗಳು ಕ್ಷೇಮವಾಗಿರುತ್ತವೆ. ಏನನ್ನೂ ಅನುಭವಿಸಬಾರದೆಂಬ ನಿಯಮ ಮುರಿಯಲೆಂದೇ ಹುಟ್ಟಿದ ನಿಯಮ.

ಓದುಗರಲ್ಲಿ ಅನೇಕರು ಇನ್ನೂ ವಿದ್ಯಾರ್ಥಿಗಳು. ಕೋಟಿಯ ಮಾತು ತಮಗೇಕೆಂದು ಕೇಳಬಹುದು. ಆದರೆ ಬಾಕಿ ಉಳಿದಿದ್ದ ವಿದ್ಯಾರ್ಥಿವೇತನ ಒಟ್ಟಿಗೆ ಬಂದಾಗಲೂ, ಸ್ಪರ್ಧೆಯೊಂದರ ಬಹುಮಾನ ಬಂದಾಗಲೂ, ಮೊದಲ ಸಂಬಳ ಕೈಸೇರಿದಾಗಲೂ ಇವೇ ಪ್ರಶ್ನೆಗಳು ಏಳುತ್ತವೆ. ಇಸ್ರೇಲಿನ ಅಧ್ಯಯನ ತೋರಿಸಿದಂತೆ ಸಣ್ಣ ಮೊತ್ತವೇ ಹೆಚ್ಚು ವೇಗವಾಗಿ ಓಡುವುದು. ಸಣ್ಣದರಲ್ಲಿ ಕೈ ಪಳಗಿದವನಿಗೆ ದೊಡ್ಡದು ಹೊಸದಾಗಿರುವುದಿಲ್ಲ. ನಾಳೆ ಇವರೇ ಪಂಚಾಯತಿಯ, ಜಿಲ್ಲೆಯ, ರಾಜ್ಯದ ಹಣಕ್ಕೂ ನಿಯಮ ಮಾಡುವವರು.

ನಮ್ಮ ಪೂರ್ವಿಕರು ಮಳೆಯನ್ನು ನಂಬಿದ ಬಯಲುಸೀಮೆಯಲ್ಲಿ ಕೆರೆಗಳನ್ನು ಕಟ್ಟಿದರು. ಮಳೆ ಯಾವಾಗ, ಎಷ್ಟು ಬರುವುದೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ನೀರು ನಿಲ್ಲಲು ಏರಿ, ಗದ್ದೆಗೆ ಅಳತೆಯಿಂದ ಬಿಡಲು ತೂಬು, ಹೆಚ್ಚಾದುದು ಏರಿಯನ್ನು ಒಡೆಯದೆ ಹೊರಹೋಗಲು ಕೋಡಿ, ತೂಬನ್ನು ಎತ್ತಲು ಊರು ಒಪ್ಪಿದ ನೀರಗಂಟಿ, ಇಷ್ಟನ್ನೂ ಬೇಸಿಗೆಯಲ್ಲಿಯೇ ಸಿದ್ಧಮಾಡಿಕೊಂಡರು. ಮೋಡ ಕವಿದ ಮೇಲೆ ಏರಿ ಕಟ್ಟಲು ಹೊರಟವರಿಲ್ಲ. ಸಂಪತ್ತಿನ ವಿಷಯದಲ್ಲಿಯೂ ಕೆಲಸದ ಕಾಲ ಬೇಸಿಗೆಯೇ.